ಹೊಸ ಎಲೆಕ್ಟ್ರಾನಿಕ್ ಮತ್ತು ಹಿಪ್-ಹಾಪ್ ಸಂಗೀತ ಹುಡುಕೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಂಗೀತದ ರುಚಿ ಹತ್ತಿದವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇವೆ. ಮೊದಲ ಭಾಗ ಈಗಷ್ಟೇ ಕಿವಿಗೊಡುತ್ತಿರುವವರಿಗೆ. ಕೊನೆಗೆ ಬರುವ ಹೊತ್ತಿಗೆ ಸ್ಯಾಂಪಲ್, ಸ್ಪೆಕ್ಟ್ರೋಗ್ರಾಮ್, ವಿನೈಲ್ ಗೀರು ಎಲ್ಲ ಬರುತ್ತವೆ. ಒಂದೊಂದು ಉತ್ತರವೂ ತನ್ನಷ್ಟಕ್ಕೆ ನಿಲ್ಲುತ್ತದೆ, ಹಾಗಾಗಿ ಎಲ್ಲಿಂದ ಬೇಕಾದರೂ ಓದಬಹುದು.

## ಶುರು ಮಾಡುವವರಿಗೆ

ಎಲ್ಲ ಒಂದೇ ಥರ "ಡಬ್ ಡಬ್" ಅಂತ ಕೇಳ್ಸುತ್ತೆ. ಯಾವುದು ಹೌಸ್, ಯಾವುದು ಟೆಕ್ನೋ ಅಂತ ಹೇಗೆ ಗೊತ್ತಾಗುತ್ತೆ?

ಹೆಸರು ಆಮೇಲೆ. ಮೊದಲು ಎರಡು ಸಂಗತಿ ಹಿಡಿಯಿರಿ: ವೇಗ ಎಷ್ಟು, ಕಿಕ್ ಡ್ರಮ್, ಅಂದರೆ ಕೆಳಸ್ವರದ ಆ "ಡಬ್" ಏಟು, ಎಲ್ಲೆಲ್ಲಿ ಬೀಳುತ್ತಿದೆ. ವೇಗವನ್ನು ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂದು ಅಳೆಯುತ್ತಾರೆ. 15 ಸೆಕೆಂಡ್ ಕಾಲು ತಟ್ಟುತ್ತಾ ಎಣಿಸಿ, ನಾಲ್ಕರಿಂದ ಗುಣಿಸಿ. 31 ಬಂದರೆ 124 ಬಿಪಿಎಂ.

ಹೌಸ್ ಸಾಮಾನ್ಯವಾಗಿ 120ರಿಂದ 128ರೊಳಗೆ ಓಡುತ್ತದೆ. ಟೆಕ್ನೋ 125ರಿಂದ 145, ಕೆಲವೊಮ್ಮೆ ಅದಕ್ಕೂ ಮೇಲೆ. ಎರಡರಲ್ಲೂ ಪ್ರತಿ ಬೀಟಿಗೂ ಒಂದು ಕಿಕ್. ಎರಡು ಕಿಕ್‌ಗಳ ನಡುವೆ "ತ್ಸ್" ಎಂದು ತೆರೆದುಕೊಳ್ಳುವ ಹೈ-ಹ್ಯಾಟ್ (ಜೋಡಿ ತಾಳ), ಡಿಸ್ಕೋದಿಂದ ಬಂದ ಪಿಯಾನೋ, ಹಾಡುವ ದನಿ ಇದ್ದರೆ ಅದು ಹೆಚ್ಚಾಗಿ ಹೌಸ್. ದನಿ, ಸ್ವರಮೇಳ ಕಡಿಮೆಯಾಗಿ ಯಂತ್ರದ ಸದ್ದೇ ಮುಂದೆ ಬಂದರೆ ಟೆಕ್ನೋ. ಇವುಗಳ ನಡುವೆ ಗೆರೆ ಎಳೆದಂಥ ಗಡಿ ಇಲ್ಲ, ಎರಡಕ್ಕೂ ಸಲ್ಲುವ ಟ್ರ್ಯಾಕ್‌ಗಳು ಸಾವಿರಾರಿವೆ.

ಡಬ್‌ಸ್ಟೆಪ್ 140ರಲ್ಲಿದ್ದರೂ ಸ್ನೇರ್, ಅಂದರೆ ಚಟ್ಟನೆ ಬಡಿಯುವ ಡ್ರಮ್, ನಾಲ್ಕರಲ್ಲಿ ಮೂರನೆಯ ಬೀಟಿಗೆ ಮಾತ್ರ ಬೀಳುವುದರಿಂದ 70ರಂತೆ ಅನ್ನಿಸುತ್ತದೆ. ಡ್ರಮ್ ಆ್ಯಂಡ್ ಬೇಸ್ 170ರಿಂದ 175, ಅಲ್ಲಿ ಕಿಕ್ ಮುರಿದು ಮುರಿದು ಬರುತ್ತದೆ. ಶಿಕಾಗೋದ ಫುಟ್‌ವರ್ಕ್ 160ರ ಆಸುಪಾಸು. ಹಿಪ್-ಹಾಪ್‌ನಲ್ಲಿ ಬೂಮ್-ಬ್ಯಾಪ್ 85ರಿಂದ 95. ಟ್ರ್ಯಾಪ್ 130ರಿಂದ 150, ಆದರೆ ತಲೆದೂಗುವುದು ಅದರ ಅರ್ಧ ವೇಗಕ್ಕೆ. ನೀವು ಎಣಿಸಿದ್ದು 70, ಬೇರೆಯವರು ಹೇಳುವುದು 140 ಎಂದಾದರೆ ಇಬ್ಬರದೂ ಸರಿಯೇ.

ಹಿಪ್-ಹಾಪ್ ಬೇರೆ, ಎಲೆಕ್ಟ್ರಾನಿಕ್ ಬೇರೆ ಅಲ್ವಾ? ಯಾಕೆ ಒಟ್ಟಿಗೆ ಹೇಳ್ತೀರಿ?

ಎರಡೂ ಒಂದೇ ಯಂತ್ರಗಳಿಂದ, ಒಂದೇ ಕೈಚಳಕದಿಂದ ಹುಟ್ಟಿದವು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನು ಹಿಪ್-ಹಾಪ್‌ನ ಹುಟ್ಟಿನ ದಿನವೆಂದು ಆಚರಿಸುತ್ತಾರೆ. ಹಾಡಿನಲ್ಲಿ ಎಲ್ಲ ವಾದ್ಯ ನಿಂತು ಡ್ರಮ್ ಮಾತ್ರ ಉಳಿಯುವ ತುಣುಕನ್ನು, ಅಂದರೆ ಬ್ರೇಕ್ ಅನ್ನು, ಎರಡು ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಮೇಲೆ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು ಉದ್ದ ಮಾಡುವ ಉಪಾಯ ಹರ್ಕ್ ಅವರದು. ಇತ್ತ ಶಿಕಾಗೋದ ವೇರ್‌ಹೌಸ್ ಕ್ಲಬ್‌ನಲ್ಲಿ ಫ್ರಾಂಕಿ ನಕಲ್ಸ್ ಅವೇ ಎರಡು ಟರ್ನ್‌ಟೇಬಲ್‌ಗಳಲ್ಲಿ ಡಿಸ್ಕೋವನ್ನು ಬೆಸೆಯುತ್ತಿದ್ದರು. ಹೌಸ್ ಎಂಬ ಹೆಸರೇ ಆ ಕ್ಲಬ್‌ನಿಂದ ಬಂತು ಎಂಬುದು ಹೆಚ್ಚಿನವರು ಒಪ್ಪುವ ಮಾತು.

1982ರ 'ಪ್ಲಾನೆಟ್ ರಾಕ್' ಹಾಡು ಇವೆರಡರ ಕೊಂಡಿ: ರ‍್ಯಾಪ್ ಬ್ರಾಂಕ್ಸ್‌ನದು, ರಾಗದ ಎಳೆ ಜರ್ಮನಿಯ ಕ್ರಾಫ್ಟ್‌ವರ್ಕ್‌ನದು, ಡ್ರಮ್ ರೋಲ್ಯಾಂಡ್ ಟಿಆರ್-808 ಎಂಬ ಡ್ರಮ್ ಯಂತ್ರದ್ದು. ಆ 808 ತಯಾರಾದದ್ದು 1980ರಿಂದ 1983ರವರೆಗೆ, ಸುಮಾರು 12,000 ಮಾತ್ರ. ನಿಜವಾದ ಡ್ರಮ್ಮಿನಂತೆ ಕೇಳಿಸುವುದಿಲ್ಲ ಎಂದು ಬೇಡಿಕೆ ಬಿತ್ತು, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಯಿತು, ದುಡ್ಡಿಲ್ಲದ ಹುಡುಗರ ಕೈಗೆ ಸಿಕ್ಕಿತು. ಇವತ್ತಿನ ಟ್ರ್ಯಾಪ್‌ನಲ್ಲಿ ನೆಲ ನಡುಗಿಸುವ ಬೇಸ್‌ಗೆ "808" ಎಂದೇ ಹೆಸರು. ಹೀಗಾಗಿ ಒಂದರ ಜಾಡು ಹಿಡಿದು ಹೊರಟವರು ಇನ್ನೊಂದರ ಅಂಗಳಕ್ಕೆ ಬಂದೇ ಬರುತ್ತಾರೆ.

ರ‍್ಯಾಪ್‌ನಲ್ಲಿ ಮಾತೇ ಅರ್ಥ ಆಗಲ್ಲ. ಆದ್ರೂ ಕೇಳ್ಬಹುದಾ?

ಖಂಡಿತ. ಮೊದಲ ಸಲ ಕೇಳುವಾಗ ಮಾತನ್ನು ಡ್ರಮ್ ಎಂದುಕೊಳ್ಳಿ. ಪ್ರಾಸ ಎಲ್ಲಿ ಬೀಳುತ್ತಿದೆ, ನಾಲ್ಕನೆಯ ಬೀಟಿನ ಮೇಲೋ, ಅದಕ್ಕಿಂತ ಸ್ವಲ್ಪ ಮುಂಚೆಯೋ, ಸಾಲು ದಾಟಿ ಮುಂದಿನ ಬಾರ್‌ಗೆ, ಅಂದರೆ ಮುಂದಿನ ನಾಲ್ಕು ಬೀಟಿನ ಗುಂಪಿಗೆ, ಚೆಲ್ಲುತ್ತಿದೆಯೋ ಗಮನಿಸಿ. ವಾಡಿಕೆಯ ಪದ್ಯ 16 ಬಾರ್. 90 ಬಿಪಿಎಂನಲ್ಲಿ ಅದು 43 ಸೆಕೆಂಡಿಗೂ ಕಡಿಮೆ, ಆದ್ದರಿಂದ ಒಂದೇ ಪದ್ಯವನ್ನು ನಾಲ್ಕೈದು ಸಲ ತಿರುಗಿಸುವುದು ಕಷ್ಟವಲ್ಲ.

ಎರಡನೆಯ ಸಲ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ. ಜೀನಿಯಸ್‌ನಂಥ ತಾಣದಲ್ಲಿ ಸಾಲುಸಾಲಿಗೂ ಟಿಪ್ಪಣಿ ಇರುತ್ತದೆ. ಅವು ಬಹುಪಾಲು ಕೇಳುಗರೇ ಬರೆದವು, ತಪ್ಪೂ ಇರುತ್ತವೆ. ಕಲಾವಿದರೇ ಬರೆದದ್ದು ಎಂದು ಗುರುತು ಹಾಕಿದ್ದನ್ನು ಮಾತ್ರ ಪೂರ್ತಿ ನಂಬಿ.

ಫೋನ್ ಸ್ಪೀಕರ್‌ನಲ್ಲೇ ಕೇಳ್ತೀನಿ. ಸಾಕಾಗಲ್ವಾ?

ಸಾಕಾಗುವುದಿಲ್ಲ. ಫೋನ್ ಸ್ಪೀಕರ್‌ನಲ್ಲಿ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ಸದ್ದು ತೀರಾ ಕ್ಷೀಣ. ಡಬ್‌ಸ್ಟೆಪ್, ಟ್ರ್ಯಾಪ್‌ಗಳ ಬೇಸ್ ಇರುವುದು 40ರಿಂದ 60 ಹರ್ಟ್ಸ್‌ನಲ್ಲಿ. ಅಂದರೆ ಹಾಡಿನ ಅರ್ಧ ನಿಮಗೆ ಕೇಳಿಸಿಯೇ ಇಲ್ಲ. "ಖಾಲಿ ಖಾಲಿ ಅನ್ನಿಸಿತು" ಎಂದು ಬಿಟ್ಟುಬಿಟ್ಟ ಹಾಡುಗಳನ್ನು ಒಮ್ಮೆ ಹೆಡ್‌ಫೋನ್‌ನಲ್ಲಿ ಕೇಳಿ ನೋಡಿ.

ದುಬಾರಿಯದೇ ಬೇಕೆಂದಿಲ್ಲ. ಕಿವಿಯೊಳಗೆ ಕೂರುವ ಇಯರ್‌ಫೋನ್‌ನ ರಬ್ಬರ್ ತುದಿ ಸರಿಯಾದ ಅಳತೆಯದಿರಬೇಕು, ಅಷ್ಟೆ. ಸಡಿಲವಾಗಿದ್ದರೆ ಮೊದಲು ಸೋರಿಹೋಗುವುದೇ ಬೇಸ್. ಜೊತೆಗೆ ಬಂದ ಮೂರು ಅಳತೆಯ ತುದಿಗಳನ್ನೂ ಹಾಕಿ ನೋಡಿ. ಬಲಕ್ಕೊಂದು ಎಡಕ್ಕೊಂದು ಅಳತೆ ಬೇಕಾಗುವುದೂ ಉಂಟು. ದನಿಯ ಮಟ್ಟದ ಬಗ್ಗೆ ಮಾತ್ರ ಎಚ್ಚರ: 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ. ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಸಮಯ ಅರ್ಧಕ್ಕಿಳಿಯುತ್ತದೆ. ಬೇಸ್ ಸಾಲದು ಎಂದು ದನಿ ಏರಿಸುವವರೇ ಹೆಚ್ಚು. ರಬ್ಬರ್ ತುದಿ ಸರಿಯಾಗಿ ಕೂತರೆ ಅದರ ಅಗತ್ಯವೇ ಬೀಳದು.

ಹಳೇದನ್ನೆಲ್ಲ ಕೇಳಿ ಮುಗಿಸದೆ ಹೊಸದು ಕೇಳಬಾರದು ಅಂತಾರೆ. ಹೌದಾ?

ಇಲ್ಲ. ಹೊಸದರಿಂದಲೇ ಶುರು ಮಾಡಿ, ಹಿಡಿಸಿದಾಗ ಹಿಂದಕ್ಕೆ ಹೋಗಿ.

## ಹುಡುಕುವ ದಾರಿಗಳು

ಆ್ಯಪ್ ಕೊಡೋ ಪಟ್ಟಿ ಮೊದಮೊದಲು ಚೆನ್ನಾಗಿತ್ತು, ಈಗ ತಿರುಗಿ ತಿರುಗಿ ಅದದೇ. ಏನ್ ಮಾಡ್ಲಿ?

ಆ ಪಟ್ಟಿಯ ಹಿಂದಿನ ಲೆಕ್ಕಾಚಾರ ಹೆಚ್ಚುಕಡಿಮೆ ಹೀಗೆ: ನೀವು ಕೇಳಿದ್ದನ್ನು ಕೇಳಿದವರು ಇನ್ನೇನು ಕೇಳಿದರು? ಸಾವಿರಾರು ಜನ ಕೇಳಿದ ಹಾಡಿನ ಬಗ್ಗೆ ಯಂತ್ರಕ್ಕೆ ಹೇಳಲು ಬಹಳ ಇರುತ್ತದೆ, ನಲವತ್ತು ಜನ ಕೇಳಿದ್ದರ ಬಗ್ಗೆ ಏನೂ ಇರುವುದಿಲ್ಲ. ಅದಕ್ಕೇ ಪಟ್ಟಿ ಮೆಲ್ಲಮೆಲ್ಲಗೆ ಎಲ್ಲರಿಗೂ ಗೊತ್ತಿರುವ ಹಾಡುಗಳ ಕಡೆ ವಾಲುತ್ತದೆ. ಹೊಸ ಹಾಡು ಹುಡುಕುವವರಿಗೆ ಬೇಕಿರುವುದು ಆ ನಲವತ್ತು ಜನರ ಹಾಡು.

ಪಟ್ಟಿಯನ್ನು ಸರಿದಾರಿಗೆ ತರಲು ಕೆಲವು ಕೆಲಸ ಮಾಡಬಹುದು. ಹಾಡು ಮುಗಿದ ಮೇಲೆ ತಾನಾಗಿ ಬೇರೆ ಹಾಡು ಶುರುವಾಗುವ ಆಟೋಪ್ಲೇಯನ್ನು ಆಫ್ ಮಾಡಿ. ಅದು ಓಡುತ್ತಲೇ ಇದ್ದರೆ ನೀವು ಆರಿಸದ ಹಾಡುಗಳೂ ನಿಮ್ಮ ಅಭಿರುಚಿಯ ಲೆಕ್ಕಕ್ಕೆ ಸೇರುತ್ತವೆ. ಮಲಗುವಾಗ ಹಾಕುವ ಮಳೆಸದ್ದು, ಮಕ್ಕಳ ಹಾಡು ಇವನ್ನು ಪ್ರೈವೇಟ್ ಸೆಷನ್‌ನಲ್ಲಿ ಹಾಕಿ. ಸ್ಪಾಟಿಫೈನಲ್ಲಿ ಒಂದು ಪ್ಲೇಲಿಸ್ಟನ್ನು ಅಭಿರುಚಿಯ ಲೆಕ್ಕದಿಂದ ಹೊರಗಿಡುವ ಆಯ್ಕೆಯೂ ಇದೆ. ಅಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಎಂದು ಎಣಿಕೆ, ಹಾಗಾಗಿ ಬೇಡವಾದದ್ದನ್ನು ಅಷ್ಟರೊಳಗೇ ದಾಟಿಬಿಡಿ. ಇಷ್ಟೆಲ್ಲ ಮಾಡಿದರೂ ಯಂತ್ರದ ಪಟ್ಟಿ ನಿಮ್ಮ ಹುಡುಕಾಟದ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚಾಗದಿರಲಿ. ಮಿಕ್ಕದ್ದಕ್ಕೆ ಮನುಷ್ಯರ ಕಿವಿ ಬೇಕು.

ಒಂದು ಹಾಡು ಸಿಕ್ಕಾಪಟ್ಟೆ ಇಷ್ಟ ಆಗಿದೆ. ಅದೇ ರುಚಿಯ ಇನ್ನೂ ಹತ್ತು ಹಾಡು ಹೇಗೆ ಹುಡುಕೋದು?

ಹಾಡಿನ ಹಿಂದೆ ಯಾರಿದ್ದಾರೆ ನೋಡಿ. ಹುಡುಕಾಟದ ಮುಕ್ಕಾಲು ಕೆಲಸ ಇದೇ.

ಮೊದಲು ಕ್ರೆಡಿಟ್ಸ್ ತೆರೆಯಿರಿ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ಅಲ್ಲಿ ಅರೆಬರೆ ಇದ್ದರೆ ಡಿಸ್ಕಾಗ್ಸ್ ಎಂಬ ರೆಕಾರ್ಡ್ ವಿವರಗಳ ತಾಣದಲ್ಲಿ ಆ ಬಿಡುಗಡೆಯ ಪುಟ ನೋಡಿ. ಪ್ರೊಡ್ಯೂಸರ್ (ಬೀಟ್ ಕಟ್ಟಿದವರು), ಜೊತೆಗೆ ಹಾಡಿದವರು, ರೀಮಿಕ್ಸ್ ಮಾಡಿದವರು, ಲೇಬಲ್ (ಹಾಡು ಹೊರತಂದ ಸಂಸ್ಥೆ) ಈ ನಾಲ್ಕು ಹೆಸರು ಬರೆದುಕೊಳ್ಳಿ. ರ‍್ಯಾಪ್ ಆದರೆ ಪ್ರೊಡ್ಯೂಸರ್ ಹೆಸರಿನ ಹಿಂದೆ ಹೋಗಿ, ಎಲೆಕ್ಟ್ರಾನಿಕ್ ಆದರೆ ಲೇಬಲ್ ಹಿಂದೆ. ರ‍್ಯಾಪ್‌ನಲ್ಲಿ ನಿಮ್ಮನ್ನು ಸೆಳೆದದ್ದು ಎಷ್ಟೋ ಸಲ ದನಿಯಲ್ಲ, ಬೀಟ್. ಎಲೆಕ್ಟ್ರಾನಿಕ್‌ನಲ್ಲಿ ಒಬ್ಬನೇ ಮನುಷ್ಯ ಐದಾರು ಹೆಸರಿನಲ್ಲಿ ಹಾಡು ತರುತ್ತಾನೆ, ಲೇಬಲ್ ಮಾತ್ರ ಎಷ್ಟೋ ಸಲ ಒಂದೇ ಇರುತ್ತದೆ.

ರ‍್ಯಾಪ್‌ಗೆ ಒಂದು ಜಾಡು: ಪ್ರೊಡ್ಯೂಸರ್ ದಿ ಆಲ್ಕೆಮಿಸ್ಟ್ 2020ರಲ್ಲಿ ಬೋಲ್ಡಿ ಜೇಮ್ಸ್ ಜೊತೆ ಒಂದು, ಫ್ರೆಡ್ಡಿ ಗಿಬ್ಸ್ ಜೊತೆ ಒಂದು, 2021ರಲ್ಲಿ ಆರ್ಮಂಡ್ ಹ್ಯಾಮರ್ ಜೊತೆ ಒಂದು ಪೂರ್ಣ ಆಲ್ಬಂ ಮಾಡಿದರು. ಆರ್ಮಂಡ್ ಹ್ಯಾಮರ್ ಎಂಬುದು ಬಿಲ್ಲಿ ವುಡ್ಸ್ ಮತ್ತು ಎಲುಸಿಡ್ ಇಬ್ಬರ ಜೋಡಿ. ಬಿಲ್ಲಿ ವುಡ್ಸ್ ನಡೆಸುವ ಲೇಬಲ್ ಬ್ಯಾಕ್‌ವುಡ್ಸ್ ಸ್ಟುಡಿಯೋಸ್. ಅಲ್ಲಿಗೆ ಬಂದರೆ ಇನ್ನೊಂದಿಷ್ಟು ಹೊಸ ಹೆಸರುಗಳು ಸಾಲಾಗಿ ನಿಂತಿರುತ್ತವೆ. ನಾಲ್ಕೇ ಹೆಜ್ಜೆ, ಎಲ್ಲೂ ಯಂತ್ರದ ಪಟ್ಟಿ ಬೇಕಾಗಲಿಲ್ಲ.

ಎಲೆಕ್ಟ್ರಾನಿಕ್‌ಗೆ ಇನ್ನೊಂದು: ಲಂಡನ್‌ನ ಬರಿಯಲ್ ಹಿಡಿಸಿದರೆ ಅವರ ಲೇಬಲ್ ಹೈಪರ್‌ಡಬ್, 2004ರಲ್ಲಿ ಕೋಡ್9 ಕಟ್ಟಿದ್ದು. ಅದೇ ಲೇಬಲ್ 2013ರಲ್ಲಿ ಶಿಕಾಗೋದ ಡಿಜೆ ರಶಾದ್ ಅವರ ಆಲ್ಬಂ ಹೊರತಂದಿತು. ರಶಾದ್‌ರಿಂದ ಟೆಕ್‌ಲೈಫ್ ಬಳಗ, ಅಲ್ಲಿಂದ ಇಡೀ ಫುಟ್‌ವರ್ಕ್ ಲೋಕ. ಲಂಡನ್‌ನ ಮಳೆಯಂಥ ಸದ್ದಿನಿಂದ ಹೊರಟು ಶಿಕಾಗೋದ ನೃತ್ಯಸ್ಪರ್ಧೆಗೆ ಬಂದು ನಿಂತಿರುತ್ತೀರಿ.

ಲೇಬಲ್ ಅಂದ್ರೆ ಬರೀ ಕಂಪನಿ ಅಲ್ವಾ? ಅದರಲ್ಲೇನು ವಿಶೇಷ?

ಸಣ್ಣ ಲೇಬಲ್‌ನ ಹಿಂದೆ ಸಾಮಾನ್ಯವಾಗಿ ಒಬ್ಬರದೋ ಇಬ್ಬರದೋ ಕಿವಿ ಇರುತ್ತದೆ. ಪತ್ರಿಕೆಗೆ ಸಂಪಾದಕರು ಇದ್ದ ಹಾಗೆ. ಶೆಫೀಲ್ಡ್‌ನಲ್ಲಿ 1989ರಲ್ಲಿ ಶುರುವಾದ ವಾರ್ಪ್, 1990ರಲ್ಲಿ ಕೋಲ್ಡ್‌ಕಟ್ ಜೋಡಿ ಲಂಡನ್‌ನಲ್ಲಿ ಕಟ್ಟಿದ ನಿಂಜಾ ಟ್ಯೂನ್, 1996ರಲ್ಲಿ ಪೀನಟ್ ಬಟರ್ ವುಲ್ಫ್ ಕಟ್ಟಿದ ಸ್ಟೋನ್ಸ್ ಥ್ರೋ, 2008ರಲ್ಲಿ ಫ್ಲೈಯಿಂಗ್ ಲೋಟಸ್ ಕಟ್ಟಿದ ಬ್ರೇನ್‌ಫೀಡರ್, ಇವೆಲ್ಲ ಶುರುವಾದದ್ದು ಹಾಗೇ. ಕೊನೆಯ ಎರಡರಲ್ಲಂತೂ ಹಿಪ್-ಹಾಪ್ ಎಲ್ಲಿ ಮುಗಿಯಿತು, ಎಲೆಕ್ಟ್ರಾನಿಕ್ ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ.

ಪ್ರತಿ ಬಿಡುಗಡೆಗೂ ಒಂದು ಕ್ಯಾಟಲಾಗ್ ಸಂಖ್ಯೆ ಇರುತ್ತದೆ: ಲೇಬಲ್ ಹೆಸರಿನ ಎರಡು-ಮೂರು ಅಕ್ಷರ, ಮುಂದೆ 001, 002 ಹೀಗೆ. ಲೇಬಲ್ ಹೊಸದಾಗಿ ಸಿಕ್ಕಾಗ ಮೊದಲ ಐದು ಸಂಖ್ಯೆ ಮತ್ತು ಇತ್ತೀಚಿನ ಐದು ಸಂಖ್ಯೆ ಕೇಳಿ. ಎರಡೂ ಹಿಡಿಸಿದರೆ ಪೂರ್ತಿ ಕೇಳುವ ಯೋಗ್ಯತೆ ಇದೆ. ಮೊದಲಿನದು ಮಾತ್ರ ಹಿಡಿಸಿದರೆ ಅಲ್ಲಿಂದ ಹೊರಬಿದ್ದ ಕಲಾವಿದರು ಈಗ ಎಲ್ಲಿದ್ದಾರೆ ಎಂದು ನೋಡಿ.

ಎರಡು ಗಂಟೆ ಡಿಜೆ ಮಿಕ್ಸ್‌ನಲ್ಲಿ ಒಂದು ಹಾಡು ಸಕ್ಕತ್ತಾಗಿದೆ. ಶಜಾಮ್ ಹಿಡೀತಾ ಇಲ್ಲ. ಹೆಸರು ಹೇಗೆ ಪತ್ತೆ ಮಾಡೋದು?

ಹಾಡು ಕೇಳಿ ಹೆಸರು ಹೇಳುವ ಶಜಾಮ್ ಆ್ಯಪ್ ಸೋಲುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ: ಎರಡು ಹಾಡು ಒಂದರ ಮೇಲೊಂದು ಓಡುತ್ತಿವೆ, ಡಿಜೆ ವೇಗ ಬದಲಿಸಿದ್ದಾರೆ, ಅಥವಾ ಹಾಡು ಇನ್ನೂ ಬಿಡುಗಡೆಯೇ ಆಗಿಲ್ಲ.

ಮೊದಲನೆಯದಕ್ಕೆ ಪರಿಹಾರ ಸುಲಭ. ಒಂದರಿಂದ ಇನ್ನೊಂದಕ್ಕೆ ದಾಟುವ ಹೊತ್ತು ಬಿಟ್ಟು, ಬೇಸ್ ಬದಲಾಗಿ ಒಂದು ನಿಮಿಷ ಕಳೆದ ಮೇಲೆ ಪ್ರಯತ್ನಿಸಿ. ಆಗ ಒಂದೇ ಹಾಡು ಓಡುತ್ತಿರುವ ಸಾಧ್ಯತೆ ಹೆಚ್ಚು.

ಎರಡನೆಯದಕ್ಕೆ ಸ್ವಲ್ಪ ಕೈಕೆಲಸ ಬೇಕು. ಟೆಕ್ನಿಕ್ಸ್ ಎಸ್ಎಲ್-1200 ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಶೇ 8ರವರೆಗೆ ಏರಿಸಬಹುದು, ಇಳಿಸಬಹುದು. 122 ಬಿಪಿಎಂ ಹಾಡನ್ನು 126ಕ್ಕೆ ಏರಿಸಿದರೆ ಶೇ 3.3ರಷ್ಟು ಹೆಚ್ಚಿದಂತೆ, ಸ್ವರವೂ ಅಷ್ಟೇ ಮೇಲೇರುತ್ತದೆ. ಆ ಭಾಗದ 30 ಸೆಕೆಂಡ್ ಕತ್ತರಿಸಿಕೊಂಡು ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ವೇಗ ಮತ್ತು ಸ್ವರ ಎರಡೂ ಒಟ್ಟಿಗೆ ಇಳಿಯುವಂತೆ ಶೇ 2, ಶೇ 4, ಶೇ 6 ಎಂದು ಇಳಿಸಿ ಮತ್ತೆ ಶಜಾಮ್‌ಗೆ ಕೇಳಿಸಿ. ಆಗದಿದ್ದರೆ ಅಷ್ಟೇ ಪ್ರಮಾಣದಲ್ಲಿ ಏರಿಸಿ ನೋಡಿ. ಈಗಿನ ಡಿಜೆ ಉಪಕರಣಗಳಲ್ಲಿ ಸ್ವರ ಬದಲಾಗದೆ ವೇಗ ಮಾತ್ರ ಬದಲಾಗುವ ಸೌಲಭ್ಯವಿದೆ. ದನಿ ಸಹಜವಾಗಿಯೇ ಕೇಳಿಸುತ್ತಿದ್ದರೆ ವೇಗವನ್ನು ಮಾತ್ರ ಬದಲಿಸಿ. ಹಾಡಿನಲ್ಲಿ ಒಂದೆರಡು ಪದ ಸ್ಪಷ್ಟವಿದ್ದರೆ ಅವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕುವುದೂ ಕೆಲಸ ಮಾಡುತ್ತದೆ.

ಅದೂ ಆಗಲಿಲ್ಲವೆಂದರೆ 1001ಟ್ರ್ಯಾಕ್‌ಲಿಸ್ಟ್ಸ್, ಮಿಕ್ಸಸ್‌ಡಿಬಿ ತಾಣಗಳಲ್ಲಿ ಆ ಮಿಕ್ಸ್‌ನ ಪಟ್ಟಿ ನೋಡಿ. ಹಾಡಿನ ಜಾಗದಲ್ಲಿ "ಐಡಿ" ಎಂದಷ್ಟೇ ಇದ್ದರೆ ಅದು ಯಾರಿಗೂ ಗೊತ್ತಿಲ್ಲ ಅಥವಾ ಬಿಡುಗಡೆಯಾಗಿಲ್ಲ ಎಂದರ್ಥ. ಬೇರೆಯವರನ್ನು ಕೇಳುವಾಗ "ಮಧ್ಯದಲ್ಲಿ ಬರೋ ಹಾಡು ಯಾವುದು" ಎಂದರೆ ಯಾರೂ ಉತ್ತರಿಸುವುದಿಲ್ಲ. "1:14:20ರಿಂದ 1:17:05ರವರೆಗೆ, ಹೆಂಗಸಿನ ದನಿ ಇರೋದು" ಎಂದು ಕೇಳಿ.

ಯಾವ ರೇಡಿಯೋ, ಯಾವ ಮಿಕ್ಸ್ ಸರಣಿ ಕೇಳ್ಬೇಕು?

ಲಂಡನ್‌ನಲ್ಲಿ 2011ರಲ್ಲಿ ಶುರುವಾದ ಎನ್‌ಟಿಎಸ್ ರೇಡಿಯೋ ನಮ್ಮ ಮೊದಲ ಆಯ್ಕೆ. ಕಾರ್ಯಕ್ರಮಗಳು ಸಂಗ್ರಹದಲ್ಲಿ ಉಳಿಯುತ್ತವೆ, ಹೆಚ್ಚಿನವಕ್ಕೆ ಹಾಡಿನ ಪಟ್ಟಿ ಇರುತ್ತದೆ. ರಿನ್ಸ್ ಎಫ್‌ಎಂ 1994ರಲ್ಲಿ ಪರವಾನಗಿ ಇಲ್ಲದ ಕಳ್ಳ ರೇಡಿಯೋ ಆಗಿ ಹುಟ್ಟಿ 2010ರಲ್ಲಿ ಪರವಾನಗಿ ಪಡೆಯಿತು. ಗ್ರೈಮ್ ಎಂಬ ಲಂಡನ್ ಶೈಲಿ, ಡಬ್‌ಸ್ಟೆಪ್ ಬೆಳೆದದ್ದು ಅದರ ಮಡಿಲಲ್ಲಿ. ಬಿಬಿಸಿ ರೇಡಿಯೋ 1ರ ಎಸೆನ್ಷಿಯಲ್ ಮಿಕ್ಸ್ 1993ರಿಂದ ನಡೆಯುತ್ತಿದೆ. ಬಾಯ್ಲರ್ ರೂಮ್ 2010ರಿಂದ ವಿಡಿಯೋ ಸಮೇತ ಕೊಡುತ್ತಿದೆ.

ನಿಲಯಕ್ಕಿಂತ ಒಬ್ಬ ಡಿಜೆಯನ್ನು ಹಿಡಿದುಕೊಳ್ಳುವುದು ಮೇಲು. ಒಬ್ಬರದೇ ನಾಲ್ಕು ಕಾರ್ಯಕ್ರಮ ಸತತವಾಗಿ ಕೇಳಿ. ನಿಮಗೆ ಹಿಡಿಸಿದ ಹಾಡು ಪ್ರತಿ ಕಾರ್ಯಕ್ರಮದಲ್ಲೂ ಎರಡಾದರೂ ಸಿಕ್ಕರೆ ಅವರು ನಿಮ್ಮ ಕಿವಿಗೆ ಒಗ್ಗುವವರು. ಸಿಗದಿದ್ದರೆ ಬೇರೆಯವರನ್ನು ನೋಡಿ.

ಹೊಸ ಹಾಡು ಯಾವ ದಿನ ಬರುತ್ತೆ? ದಿನಾ ನೋಡ್ತಾ ಇರಬೇಕಾ?

ಶುಕ್ರವಾರ. 2015ರ ಜುಲೈ 10ರಿಂದ ಜಗತ್ತಿನಾದ್ಯಂತ ಅದೇ ದಿನ ಎಂದಾಯಿತು. ಅದಕ್ಕೆ ಮುಂಚೆ ಅಮೆರಿಕದಲ್ಲಿ ಮಂಗಳವಾರ, ಬ್ರಿಟನ್‌ನಲ್ಲಿ ಸೋಮವಾರ ಇತ್ತು. ಕಲಾವಿದರೇ ಹಾಡು ಹಾಕುವ ಬ್ಯಾಂಡ್‌ಕ್ಯಾಂಪ್, ಸೌಂಡ್‌ಕ್ಲೌಡ್ ತಾಣಗಳಲ್ಲಿ ದಿನದ ಕಟ್ಟುಪಾಡಿಲ್ಲ, ಯಾವಾಗ ಬೇಕಾದರೂ ಬರುತ್ತವೆ. ಹಾಗಾಗಿ ಇಷ್ಟದ ಲೇಬಲ್‌ಗಳನ್ನು ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಿಂಬಾಲಿಸಿ, ಇಮೇಲ್ ತಾನಾಗಿ ಬರುತ್ತದೆ. ವಾರಕ್ಕೊಮ್ಮೆ ಕೂತು ನೋಡಿದರೆ ಸಾಕು.

ರಾಶಿ ರಾಶಿ ಕೇಳ್ತೀನಿ, ಒಂದೂ ನೆನಪಲ್ಲಿ ಉಳಿಯಲ್ಲ. ಏನು ತಪ್ಪು?

ಜಾಲಾಡುವುದು ಮತ್ತು ಕೇಳುವುದು ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡುತ್ತಿದ್ದೀರಿ. ಬೇರೆ ಮಾಡಿ. ಒಂದು ದಿನ ಒಂದು ಗಂಟೆ ಜಾಲಾಡಿ: 20ರಿಂದ 25 ಹಾಡಿನ ಮೇಲೆ ಕಣ್ಣಾಡಿಸಿದಂತೆ ಕಿವಿಯಾಡಿಸಿ, ಐದನ್ನು ಎತ್ತಿಡಿ. ಇನ್ನೊಂದು ದಿನ ಆ ಐದನ್ನೇ ಪೂರ್ತಿ ಕೇಳಿ. ವಾರಕ್ಕೆ ಒಂದು ಆಲ್ಬಂ ಮೊದಲಿಂದ ಕೊನೆವರೆಗೆ.

ಜಾಲಾಡುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಕ್ಲಬ್‌ಗೆಂದು ಮಾಡಿದ ಟ್ರ್ಯಾಕ್‌ನ ಮೊದಲ 32 ಬಾರ್‌ನಲ್ಲಿ ಹೆಚ್ಚಾಗಿ ಡ್ರಮ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಹಿಂದಿನ ಹಾಡಿನ ಜೊತೆ ಬೆಸೆಯಲು ಡಿಜೆಗೆ ಬೇಕಾದ ಜಾಗ ಅದು. 125 ಬಿಪಿಎಂನಲ್ಲಿ 32 ಬಾರ್ ಎಂದರೆ 61 ಸೆಕೆಂಡ್. ಅರ್ಧ ನಿಮಿಷ ಕೇಳಿ "ಬೋರು" ಎಂದು ದಾಟಿದವರು ಹಾಡನ್ನು ಕೇಳಿಯೇ ಇಲ್ಲ, ಹೊಸ್ತಿಲಲ್ಲೇ ನಿಂತು ವಾಪಸು ಹೋಗಿದ್ದಾರೆ. ಆರು ನಿಮಿಷದ ಟ್ರ್ಯಾಕ್ ಆದರೆ ಎರಡನೆಯ ನಿಮಿಷಕ್ಕೆ ಹಾರಿ 20 ಸೆಕೆಂಡ್, ನಾಲ್ಕನೆಯ ನಿಮಿಷಕ್ಕೆ ಹಾರಿ 20 ಸೆಕೆಂಡ್ ಕೇಳಿ. ರ‍್ಯಾಪ್‌ಗೆ ಇದು ಸಲ್ಲದು, ಅಲ್ಲಿ ಮೊದಲ ಪದ್ಯ ಪೂರ್ತಿ ಕೇಳಲೇಬೇಕು.

ಒಂದು ನೋಟ್‌ಬುಕ್ ಇಡಿ. ಕಲಾವಿದ, ಹಾಡು, ಲೇಬಲ್, ವರ್ಷ, ಎಲ್ಲಿ ಕೇಳಿದ್ದು, ಮತ್ತು ನಿಮ್ಮದೇ ಮಾತಿನಲ್ಲಿ ಒಂದು ಸಾಲು. "ಚೆನ್ನಾಗಿದೆ" ಎಂದು ಬರೆದರೆ ಮೂರು ತಿಂಗಳ ಮೇಲೆ ಏನೂ ಹೊಳೆಯುವುದಿಲ್ಲ. "ಸ್ನೇರ್ ಬದಲು ಬಾಗಿಲು ಬಡಿದ ಸದ್ದು, 2:40ಕ್ಕೆ ಬೇಸ್ ನಿಂತುಹೋಗುತ್ತೆ" ಎಂದು ಬರೆದರೆ ಹಾಡು ಅಲ್ಲೇ ಕಿವಿಯಲ್ಲಿ ಮೊಳಗುತ್ತದೆ.

## ಇನ್ನೂ ಆಳಕ್ಕೆ

ಈ ಬೀಟ್ ಎಲ್ಲೋ ಕೇಳಿದ ಹಾಗಿದೆ. ಯಾವ ಹಳೇ ಹಾಡಿಂದ ತಗೊಂಡಿದ್ದು ಅಂತ ಹೇಗೆ ಹುಡುಕೋದು?

ಹಳೆಯ ಹಾಡಿನಿಂದ ಕತ್ತರಿಸಿ ತಂದ ತುಣುಕಿಗೆ ಸ್ಯಾಂಪಲ್ ಎನ್ನುತ್ತಾರೆ. ಮೊದಲು ಹೂಸ್ಯಾಂಪಲ್ಡ್ ತಾಣ ನೋಡಿ, ಹೆಸರಾಂತ ಹಾಡುಗಳೆಲ್ಲ ಅಲ್ಲೇ ಸಿಗುತ್ತವೆ. ಸಿಗದಿದ್ದರೆ ಹಾಡಿನ ರಚನೆಕಾರರ ಹೆಸರುಗಳನ್ನು ಓದಿ. ತಂಡಕ್ಕೆ ಸಂಬಂಧವೇ ಇಲ್ಲದ, ಹಳೆಯ ಕಾಲದ ಹೆಸರೊಂದು ಅಲ್ಲಿದ್ದರೆ ಅದು ಹೆಚ್ಚಾಗಿ ಮೂಲ ಹಾಡಿನ ರಚನೆಕಾರರದು. 1991ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಅನುಮತಿಯಿಲ್ಲದ ಸ್ಯಾಂಪಲ್ ವಿರುದ್ಧ ತೀರ್ಪು ಕೊಟ್ಟ ಮೇಲೆ ದೊಡ್ಡ ಲೇಬಲ್‌ಗಳು ಈ ಹೆಸರುಗಳನ್ನು ತಪ್ಪದೆ ಹಾಕತೊಡಗಿದವು. ಆ ಹೆಸರು ಹಿಡಿದು ಅವರ ಹಳೆಯ ಹಾಡುಗಳನ್ನು ಕೇಳುತ್ತಾ ಹೋಗಿ.

ಮೂಲ ಹಾಡು ಎದುರಿಗೇ ಇದ್ದರೂ ಗುರುತು ಹತ್ತದಿರುವುದು ಉಂಟು, ಏಕೆಂದರೆ ಸ್ವರ ಏರಿಳಿದಿರುತ್ತದೆ. ಅದರ ಹಿಂದೆ ಒಂದು ಯಂತ್ರದ ಮಿತಿಯಿದೆ. 1987ರಲ್ಲಿ ಬಂದ ಇ-ಮ್ಯು ಎಸ್‌ಪಿ-1200 ಸ್ಯಾಂಪ್ಲರ್‌ನಲ್ಲಿ ಒಟ್ಟು ಹಿಡಿಯುತ್ತಿದ್ದದ್ದು ಬರೀ 10 ಸೆಕೆಂಡ್ ಸದ್ದು, 12 ಬಿಟ್‌ನಲ್ಲಿ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ರೆಕಾರ್ಡನ್ನು 45ರಲ್ಲಿ ಓಡಿಸಿ ಒಳಗೆ ತುಂಬಿಸಿಕೊಂಡು, ಆಮೇಲೆ ಯಂತ್ರದೊಳಗೆ ನಿಧಾನ ಮಾಡಿದರೆ 10 ಸೆಕೆಂಡಿನಲ್ಲಿ ಹದಿಮೂರೂವರೆ ಸೆಕೆಂಡಿನ ಸಂಗೀತ ಕೂರುತ್ತಿತ್ತು. ನಿಧಾನ ಮಾಡಿದಾಗ ಸದ್ದು ಒರಟಾಗಿ, ಮರಳು ಬೆರೆಸಿದಂತೆ ಆಗುತ್ತಿತ್ತು. ಆ ಒರಟುತನವೇ ಆ ಕಾಲದ ನ್ಯೂಯಾರ್ಕ್ ಹಿಪ್-ಹಾಪ್‌ನ ರುಚಿಯಾಯಿತು.

ಡ್ರಮ್ಮಿನ ಮೂಲ ಹುಡುಕುವವರು ಒಂದು ಬ್ರೇಕನ್ನು ಬಾಯಿಪಾಠ ಮಾಡಿಕೊಳ್ಳಲೇಬೇಕು: ದಿ ವಿನ್‌ಸ್ಟನ್ಸ್ ತಂಡದ 1969ರ ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ನುಡಿಸಿದ ನಾಲ್ಕು ಬಾರ್, ಸುಮಾರು ಏಳು ಸೆಕೆಂಡ್. 'ಆಮೆನ್ ಬ್ರೇಕ್' ಎಂದು ಪ್ರಸಿದ್ಧ. ಮೊದಲ ಎರಡು ಬಾರ್ ನೇರ. ಮೂರನೆಯದರ ಕೊನೆಯ ಸ್ನೇರ್ ತಡವಾಗಿ ಬರುತ್ತದೆ. ನಾಲ್ಕನೆಯದರಲ್ಲಿ ಮೊದಲ ಏಟೇ ಖಾಲಿ, ಕೊನೆಯ ಹೊತ್ತಿಗೆ ಸಿಂಬಲ್ (ದೊಡ್ಡ ತಾಳ) ಝಲ್ಲೆಂದು ಮೊಳಗುತ್ತದೆ. ಹಿಪ್-ಹಾಪ್ ಅದನ್ನು ನಿಧಾನವಾಗಿ ಬಳಸಿತು, ಜಂಗಲ್ ಮತ್ತು ಡ್ರಮ್ ಆ್ಯಂಡ್ ಬೇಸ್ ಅದನ್ನೇ ಚೂರು ಮಾಡಿ 160, 170ಕ್ಕೆ ಓಡಿಸಿದವು. ಆ ಸಿಂಬಲ್ ಸದ್ದು ಒಮ್ಮೆ ಕಿವಿಗೆ ಹತ್ತಿದರೆ ಎಲ್ಲಿದ್ದರೂ ಸಿಕ್ಕಿಬೀಳುತ್ತದೆ. ಕೋಲ್‌ಮನ್ ಅವರಿಗೆ ಇದರಿಂದ ಬದುಕಿದ್ದಾಗ ಏನೂ ದಕ್ಕಲಿಲ್ಲ ಎಂಬುದನ್ನೂ ಈ ಸಂಗೀತ ಪ್ರೀತಿಸುವವರು ತಿಳಿದಿರಬೇಕು.

ದೂರದ ಊರಿನ ಸೀನ್ ಅನ್ನು ಅಲ್ಲಿ ಇಲ್ಲದವರು ಹಿಂಬಾಲಿಸೋದು ಸಾಧ್ಯಾನಾ?

ಸಾಧ್ಯ, ಆದರೆ ಒಂದು ಸಲಕ್ಕೆ ಒಂದೇ ಊರು. ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ಗೋಮ್ ಎಂಬ ಶೈಲಿ ಇದೆ. ಅದೇ ದೇಶದ ಅಮಾಪಿಯಾನೋ ಇದೆ, 110ರಿಂದ 115 ಬಿಪಿಎಂನಲ್ಲಿ ಮರದ ಕೊರಡು ಬಡಿದಂಥ ಲಾಗ್ ಡ್ರಮ್ ಅದರ ಗುರುತು. ಲಿಸ್ಬನ್‌ನ ಪ್ರಿನ್ಸಿಪೆ ಲೇಬಲ್, ಕಂಪಾಲಾದ ನ್ಯೇಗೆ ನ್ಯೇಗೆ ಟೇಪ್ಸ್ ಇವೆ. ಪ್ರತಿ ಬಾರ್‌ಗೆ ಐದು ಕಿಕ್ ಹಾಕುವ, ಅಮೆರಿಕದ ನ್ಯೂಜರ್ಸಿಯ 'ಜರ್ಸಿ ಕ್ಲಬ್' ಶೈಲಿ ಇದೆ.

ಆ ಊರಿನ ಕ್ಲಬ್ ರಾತ್ರಿಗಳ ಕಳೆದ ಆರು ತಿಂಗಳ ಪೋಸ್ಟರ್‌ಗಳನ್ನು ನೋಡಿ. ದೊಡ್ಡ ಅಕ್ಷರದಲ್ಲಿರುವ ಹೆಸರು ಹೊರಗಿನಿಂದ ಬಂದ ಅತಿಥಿಯದು. ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು-ನಾಲ್ಕು ಪೋಸ್ಟರ್‌ಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳೇ ಆ ಊರಿನವರದು. ಅವರ ಸೌಂಡ್‌ಕ್ಲೌಡ್ ಪುಟಕ್ಕೆ ಹೋಗಿ ಅವರು ರೀಪೋಸ್ಟ್ ಮಾಡಿದ್ದನ್ನು ಕೇಳಿ. ಹೆಸರುಗಳನ್ನು ಆ ಭಾಷೆಯ ಲಿಪಿಯಲ್ಲೇ ಹುಡುಕಿ, ಇಂಗ್ಲಿಷಿನಲ್ಲಿ ಹುಡುಕಿದರೆ ಹೊರಗಿನವರು ಬರೆದ ಲೇಖನಗಳು ಮಾತ್ರ ಸಿಗುತ್ತವೆ.

ಸ್ಟ್ರೀಮಿಂಗ್ ಇದ್ದ ಮೇಲೆ ದುಡ್ಡು ಕೊಟ್ಟು ಡೌನ್‌ಲೋಡ್ ಯಾಕೆ?

ಒಂದು, ಹಾಡು ಮಾಯವಾಗುತ್ತದೆ. ಡೆ ಲಾ ಸೋಲ್ ತಂಡದ ಮೊದಲ ಆಲ್ಬಂಗಳು ಸ್ಯಾಂಪಲ್ ಹಕ್ಕಿನ ತೊಡಕಿನಿಂದ ಸ್ಟ್ರೀಮಿಂಗ್‌ಗೆ ಬಂದದ್ದೇ 2023ರ ಮಾರ್ಚ್ 3ರಂದು. ಸಣ್ಣವರ ಮಿಕ್ಸ್‌ಟೇಪ್‌ಗಳಂತೂ ಇವತ್ತು ಇದ್ದು ನಾಳೆ ಇರುವುದಿಲ್ಲ. ಎರಡು, ಹಾಡು ಮಾಡಿದವರಿಗೆ ದುಡ್ಡು ಮುಟ್ಟುತ್ತದೆ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ 15 ಹಿಡಿದುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಆ ಪಾಲನ್ನೂ ಬಿಡುತ್ತದೆ. ಆ ದಿನಕ್ಕೆ ಪಟ್ಟಿ ಮಾಡಿಟ್ಟುಕೊಂಡು ಕೊಳ್ಳಿ.

ಸದ್ದಿನ ಏನನ್ನೂ ಕಳೆಯದೆ ಗಾತ್ರ ಕುಗ್ಗಿಸುವ ಫ್ಲ್ಯಾಕ್ ಫೈಲನ್ನೇ ಇಳಿಸಿಕೊಳ್ಳಿ. ಸಿಡಿ ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ, 320 ಕೆಬಿಪಿಎಸ್ ಎಂಪಿ3 ಸುಮಾರು 2.4 ಎಂಬಿ, ಫ್ಲ್ಯಾಕ್ ಇವೆರಡರ ನಡುವೆ.

ಫ್ಲ್ಯಾಕ್ ಅಂತ ಕೊಟ್ಟಿದ್ದು ನಿಜವಾಗಿ ಎಂಪಿ3ನೇ ಅಂತ ಅನುಮಾನ. ಪರೀಕ್ಷೆ ಮಾಡೋದು ಹೇಗೆ?

ಸ್ಪೆಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಎತ್ತರದ ಸ್ವರದವರೆಗೆ ಸದ್ದು ಇದೆ ಎಂದು ಬಣ್ಣದಲ್ಲಿ ತೋರಿಸುವ ಚಿತ್ರ, ನೋಡಿ. ಸಿಡಿಯಿಂದ ಬಂದದ್ದಾದರೆ ಬಣ್ಣ 22 ಕಿಲೋಹರ್ಟ್ಸ್ ಹತ್ತಿರದವರೆಗೆ ಏರಿರುತ್ತದೆ. 16ರ ಹತ್ತಿರ ಚಾಕುವಿನಿಂದ ಕತ್ತರಿಸಿದಂತೆ ನೇರ ಗೆರೆಯಿದ್ದರೆ 128 ಕೆಬಿಪಿಎಸ್ ಎಂಪಿ3, 20ರ ಹತ್ತಿರ ಇದ್ದರೆ 320. ಗೆರೆ ಇಡೀ ಹಾಡಿಗೆ ಒಂದೇ ಎತ್ತರದಲ್ಲಿರಬೇಕು ಎಂಬುದನ್ನು ಮರೆಯಬೇಡಿ. ಹಳೆಯ ಸ್ಯಾಂಪ್ಲರ್‌ನಲ್ಲಿ ಮಾಡಿದ ಬೀಟ್‌ಗಳಲ್ಲಿ ಮೇಲಿನ ಸದ್ದು ಮೊದಲೇ ಕಡಿಮೆ. ಅಲ್ಲಿ ಬಣ್ಣ ಕೆಳಗೇ ನಿಂತು ಹೈ-ಹ್ಯಾಟ್ ಬಂದಾಗ ಮಾತ್ರ ಮೇಲೆ ಚಿಮ್ಮಿದರೆ ಫೈಲ್ ಸರಿಯಾಗಿಯೇ ಇದೆ.

ಹಳೇ ವಿನೈಲ್ ಕೊಳ್ಳೋವಾಗ ಏನೇನು ನೋಡ್ಬೇಕು?

ರೆಕಾರ್ಡನ್ನು ಒಂದೇ ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಗೀರು ಕಾಣಿಸಿ ಉಗುರಿಗೆ ತಗಲದಿದ್ದರೆ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಉಗುರು ಮೆಲ್ಲಗೆ ಆಡಿಸಿದಾಗ ತಡೆದರೆ ಕೊಳ್ಳಬೇಡಿ. ಅಂಥ ಗೀರು 33⅓ ವೇಗದಲ್ಲಿ 1.8 ಸೆಕೆಂಡಿಗೊಮ್ಮೆ, 45ರಲ್ಲಿ 1.33 ಸೆಕೆಂಡಿಗೊಮ್ಮೆ "ಟಿಕ್" ಎನ್ನುತ್ತದೆ. ಹೊರಮೈ ಹೊಳೆಯುತ್ತಿದ್ದರೂ ಕ್ಲಬ್‌ನಲ್ಲಿ ಬಳಸಿದ ಪ್ರತಿಯ ಮೊದಲ ಕೆಲವು ಸುತ್ತು ಸವೆದು ಕರಕರ ಎನ್ನಬಹುದು, ಡಿಜೆಗಳು ಸೂಜಿ ಇಟ್ಟು ಹಿಂದೆಮುಂದೆ ಆಡಿಸುವುದು ಅಲ್ಲೇ.

ರೆಕಾರ್ಡಿನ ನಡುವೆ ಅಂಟಿಸಿದ ಕಾಗದದ ಲೇಬಲ್ ಮತ್ತು ಕೊನೆಯ ಗೆರೆಯ ನಡುವಿನ ಖಾಲಿ ಜಾಗದಲ್ಲಿ ಕೆತ್ತಿದ ಅಕ್ಷರಗಳನ್ನು ಓದಿ, ಡಿಸ್ಕಾಗ್ಸ್ ಪುಟದಲ್ಲಿ ಕೊಟ್ಟದ್ದರ ಜೊತೆ ತಾಳೆ ನೋಡಿ. ಮೊದಲ ಮುದ್ರಣವೋ ಮರುಮುದ್ರಣವೋ ಕಳ್ಳಪ್ರತಿಯೋ ಎಂದು ತಿಳಿಯುವುದು ಅಲ್ಲಿಂದ. ಹೊದಿಕೆ ನೋಡಿ ನಿರ್ಧರಿಸಬೇಡಿ.

ಮೊದಲ ಸಲ ಕೇಳಿ ಹಿಡಿಸದ ಆಲ್ಬಂ ಅನ್ನು ಎಷ್ಟು ಸಲ ಕೇಳಿ ಬಿಡಬೇಕು?

ಮೂರು ಸಲ, ಮೂರು ಬೇರೆ ಹೊತ್ತಿನಲ್ಲಿ. ಒಮ್ಮೆ ಹೆಡ್‌ಫೋನ್‌ನಲ್ಲಿ ಕೂತು, ಒಮ್ಮೆ ನಡೆಯುತ್ತಾ, ಒಮ್ಮೆ ಸ್ಪೀಕರ್‌ನಲ್ಲಿ. ನಡುವೆ ಎರಡು ದಿನವಾದರೂ ಬಿಡಿ.

ಕೆಲವು ಸಂಗೀತ ಮೊದಲಿಗೆ ತಪ್ಪಿನಂತೆಯೇ ಕೇಳಿಸುತ್ತದೆ. 90 ಬಿಪಿಎಂನಲ್ಲಿ ಒಂದು ಬೀಟ್ 667 ಮಿಲಿಸೆಕೆಂಡ್, ಅದರ ಕಾಲು ಭಾಗ 167. ರೋಜರ್ ಲಿನ್ ವಿನ್ಯಾಸದ ಅಕಾಯ್ ಎಂಪಿಸಿ ಎಂಬ ಬೀಟ್ ಕಟ್ಟುವ ಯಂತ್ರಗಳಲ್ಲಿ ಏಟನ್ನು ತಡಮಾಡುವ ಸ್ವಿಂಗ್ ಅನ್ನು 50ಕ್ಕೆ ಇಟ್ಟರೆ ಎರಡನೆಯ ಏಟು ಸರಿಯಾಗಿ 167ಕ್ಕೆ ಬೀಳುತ್ತದೆ. 54ಕ್ಕೆ ತಿರುಗಿಸಿದರೆ 180ಕ್ಕೆ, ಅಂದರೆ 13 ಮಿಲಿಸೆಕೆಂಡ್ ತಡವಾಗಿ. ಅಷ್ಟಕ್ಕೇ ಬೀಟ್ ತೂಗಾಡತೊಡಗುತ್ತದೆ. ಡೆಟ್ರಾಯಿಟ್‌ನ ಜೆ ಡಿಲ್ಲಾ ಇನ್ನೂ ಮುಂದೆ ಹೋಗಿ, ಎಷ್ಟೋ ಬೀಟ್‌ಗಳಲ್ಲಿ ಸ್ನೇರ್ ತುಸು ಬೇಗ, ಕಿಕ್ ತುಸು ತಡ, ಹೈ-ಹ್ಯಾಟ್ ನೇರ ಹೀಗೆ ಒಂದೊಂದನ್ನೂ ಬೇರೆ ಬೇರೆ ಜಾಗದಲ್ಲಿ ಕೂರಿಸಿದರು. ಮೊದಲ ಸಲ ಕೇಳಿದವರಿಗೆ ಡ್ರಮ್ ಎಡವುತ್ತಿದೆ ಎನ್ನಿಸುವುದು ಸಹಜ. ಎರಡನೆಯ ಸಲ ಹೈ-ಹ್ಯಾಟ್ ಒಂದನ್ನೇ ಹಿಡಿದು ಬೆರಳು ತಟ್ಟಿ, ಕಿಕ್ ಅದರ ಹಿಂದೆ ಎಷ್ಟು ದೂರ ಉಳಿಯುತ್ತಿದೆ ಎಂದು ಕೇಳಿ. ಮೂರನೆಯ ಸಲ ಬೆರಳು ನಿಲ್ಲಿಸಿ ಕೇಳಿ. ಆಗಲೂ ತಲೆ ತೂಗದಿದ್ದರೆ ಆಲ್ಬಂ ಬಿಡಿ, ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ, ವರ್ಷ ಬಿಟ್ಟು ಮತ್ತೊಮ್ಮೆ ತೆಗೆಯಿರಿ.